ಕಾಲಿಡುವ ಜಾಗ

ಮೊನ್ನೆ ಸೊಸೆಯ ಜೊತೆ ಚಿತ್ರದುರ್ಗದ ಒಂದು ಅಂಗಡಿಗೆ ಕರೆಂಟಿನ ಗಾಡಿ ನೋಡಲು ಹೋಗಿದ್ದೆ. ಮಾರುವ ಹುಡುಗ ಬಲು ಉತ್ಸಾಹಿ. ಗಾಡಿಯನ್ನು ಮೊಬೈಲಿಗೆ ಹೇಗೆ ಜೋಡಿಸಬೇಕು, ರಾತ್ರಿ ದೀಪ ಹೇಗೆ ಮಿನುಗುತ್ತದೆ ಎಂದೆಲ್ಲ ವಿವರಿಸಿದ. ಸೊಸೆ ಕೇಳಿದ್ದು ಎರಡೇ ಮಾತು: “ಇಪ್ಪತ್ತೈದು ಕೇಜಿ ಅಕ್ಕಿ ಚೀಲ ಎಲ್ಲಿಡ್ಲಣ್ಣ? ಮಗೂನ ಎಲ್ಲಿ ಕೂರಿಸ್ಲಿ?” ಹುಡುಗ ತಲೆ ಕೆರೆದುಕೊಂಡು, “ಚೀಲ ಹಿಂದೆ ಕಟ್ಕಳಿ, ಮಗು ಮುಂದೆ ನಿಂತ್ಕಳುತ್ತೆ ಬಿಡಿ ಮೇಡಂ” ಎಂದ. ನನಗೆ ಎದೆ ಝಲ್ಲೆಂದಿತು. ಏಕೆಂದು ಆಮೇಲೆ ಹೇಳುತ್ತೇನೆ.

ಮಗು ಎಲ್ಲಿ, ಮೂಟೆ ಎಲ್ಲಿ, ಹೆಂಗಸು ಎಲ್ಲಿ ಎಂಬ ಈ ಪ್ರಶ್ನೆ ನಮ್ಮ ಅಜ್ಜಿಯ ಕಾಲದಲ್ಲಿ ಇರಲಿಲ್ಲ. ಕಮಾನು ಗಾಡಿಯೊಳಗೆ ಹುಲ್ಲು ಹಾಸಿ, ಮೇಲೆ ಕಂಬಳಿ ಹೊದಿಸಿದರೆ ಬುತ್ತಿ, ಬಾಣಂತಿ, ಕುಂಬಳಕಾಯಿ, ನಾಲ್ಕು ಮಕ್ಕಳು ಎಲ್ಲಕ್ಕೂ ಅದೇ ಜಾಗ. ಎತ್ತುಗಳ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಸ್ವಲ್ಪ ಜಂಬವೇ ಉಂಟು. ಮೈಸೂರಿನ ಚಿಕ್ಕದೇವರಾಜ ಒಡೆಯರು ಕಟ್ಟಿದ ‘ಬೆಣ್ಣೆ ಚಾವಡಿ’ಯ ದನಗಳಿಗೆ ಟಿಪ್ಪು ‘ಅಮೃತ ಮಹಲ್’ ಎಂದು ಹೆಸರಿಟ್ಟ. ಹೆಸರು ಬೆಣ್ಣೆಯದಾದರೂ ಹೈದರನ ಕಾಲದಿಂದ ಅವುಗಳ ಕೆಲಸ ದಂಡಿನ ಸಾಮಾನು, ಫಿರಂಗಿ ಎಳೆಯುವುದು. 1779ರಲ್ಲಿ ದುರ್ಗ ಹೈದರನ ವಶವಾಯಿತು. ಆ ದನಗಳಿಗೆ ಬಿಟ್ಟ ಕಾವಲುಗಳು ನಮ್ಮ ಜಿಲ್ಲೆಯಲ್ಲೂ ಇದ್ದವು. ಯುದ್ಧಕ್ಕೆ ಸಾಕಿದ ತಳಿ ಕಡೆಗೆ ಹೆಣ್ಣುಮಕ್ಕಳನ್ನು ತವರಿಗೆ ಮುಟ್ಟಿಸುವ ಕೆಲಸಕ್ಕೂ ಒದಗಿತು.

ಪ್ರಶ್ನೆ ಹುಟ್ಟಿದ್ದು ಸೈಕಲ್ಲು ಬಂದ ಮೇಲೆ. ಯಜಮಾನರು ಸೀಟಿನ ಮೇಲೆ, ಮಗು ಟವೆಲು ಸುತ್ತಿದ ಅಡ್ಡ ಕಂಬಿಯ ಮೇಲೆ, ಹೆಂಡತಿ ಕ್ಯಾರಿಯರಿನ ಮೇಲೆ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು, ಆಕೆಯ ತೊಡೆಯ ಮೇಲೆ ಸಂತೆಯ ಚೀಲ. ಅಂದರೆ ಲಗೇಜು ಕಟ್ಟುವ ಜಾಗದಲ್ಲಿ ನಾವೇ ಕೂತೆವು! ಮೋಟಾರು ಬಂದಾಗಲೂ ಅಷ್ಟೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಆಸರೆ, ಹಿಂದಿನ ಚಕ್ರದ ಅರ್ಧಭಾಗವನ್ನಾದರೂ ಮುಚ್ಚುವ ರಕ್ಷಣೆ ಇರಲೇಬೇಕೆಂದು ವಿಧಿಸಿದವು. ಅದನ್ನೇ ನಾವು ‘ಸೀರೆ ಗಾರ್ಡು’ ಎನ್ನುವುದು. ಸೆರಗು ಚಕ್ರಕ್ಕೆ ಸಿಕ್ಕಿ ಬಿದ್ದವರ ಕಥೆ ಯಾವ ಊರಿನಲ್ಲಿಲ್ಲ ಹೇಳಿ? ಕಾನೂನು ನಮ್ಮನ್ನು ನೆನೆಯಿತು, ನಿಜ. ಆದರೆ ಹಿಂದಿನ ಸೀಟಿನವಳೆಂದೇ ನೆನೆಯಿತು.

ಮುಂದಿನ ಸೀಟಿಗೆ ದಾರಿ ಮಾಡಿದ್ದು ಮೊಪೆಡ್ಡು. 1972ರಲ್ಲಿ ಪುಣೆಯ ಕೈನೆಟಿಕ್ ಇಂಜಿನಿಯರಿಂಗ್ ಕಂಪನಿ ಲೂನಾ ತಂದಿತು. 1980ರಲ್ಲಿ ನಮಗೆ ಹತ್ತಿರದ ಹೊಸೂರಿನಿಂದ ಇಬ್ಬರು ಕೂರಬಹುದಾದ ಟಿವಿಎಸ್ 50 ಬಂತು. ಗಂಡಸರು ಅದನ್ನು ನೋಡಿ ನಗುತ್ತಿದ್ದರು. ಆದರೆ ಅಡ್ಡ ಕಂಬಿಯ ಕಾಟವಿಲ್ಲದ್ದರಿಂದ ಸೀರೆಯಲ್ಲೇ ಹತ್ತಬಹುದಾಗಿತ್ತು, ಪೆಟ್ರೋಲು ಮುಗಿದರೆ ಪೆಡಲು ತುಳಿದು ಮನೆ ಸೇರಬಹುದಾಗಿತ್ತು. ಹೊಳಲ್ಕೆರೆಯಲ್ಲಿ ನನಗೆ ಪಾಠ ಹೇಳಿದ ಟೀಚರೊಬ್ಬರು ಕೊಡೆ, ಟಿಫಿನ್ನು, ಪರೀಕ್ಷೆಯ ಪೇಪರಿನ ಕಟ್ಟು ಎಲ್ಲವನ್ನೂ ಹೇರಿಕೊಂಡು ಅದರಲ್ಲಿ ಬರುವುದನ್ನು ನೋಡಲು ನಾವು ಗೇಟಿನಲ್ಲಿ ನಿಲ್ಲುತ್ತಿದ್ದೆವು. 1984ರಲ್ಲಿ ಗುಂಡಿ ಒತ್ತಿದರೆ ಹೊರಡುವ, ಗೇರಿಲ್ಲದ ಕೈನೆಟಿಕ್ ಹೋಂಡಾ ಬಂದ ಮೇಲೆ ಕಿಕ್ ಹೊಡೆಯುವ ತಾಪತ್ರಯವೂ ತಪ್ಪಿತು.

ನಮ್ಮ ಮನೆಗೆ ಮಾತ್ರ ಗೇರಿನ ಸ್ಕೂಟರೇ ಬಂತು, ಓಡಿಸುವವರು ನಮ್ಮವರೇ. 1991ರಲ್ಲಿ ನಾವು ಹಿರಿಯೂರಿನಲ್ಲಿದ್ದೆವು. ಒಂದು ಸಂಜೆ ಸಂತೆಯಿಂದ ಬರುವಾಗ ಎಂಟು ವರ್ಷದ ಮಗ ಮುಂದೆ ಕಾಲಿಡುವ ಜಾಗದಲ್ಲಿ ನಿಂತಿದ್ದ. ಅಡ್ಡ ಬಂದ ಎಮ್ಮೆಗೆ ಬ್ರೇಕು ಹಾಕಿದ್ದಷ್ಟೇ, ಅವನ ಬಾಯಿ ಹ್ಯಾಂಡಲಿಗೆ ಬಡಿಯಿತು. ನನ್ನ ಮಡಿಲಿನಲ್ಲಿ ಟೊಮೇಟೊ ಚೀಲವಿತ್ತು. ಯಾವುದು ರಕ್ತ ಯಾವುದು ಟೊಮೇಟೊ ಎಂದು ತಿಳಿಯದೆ ಕಿರುಚಿಕೊಂಡೆ. ಮುಂದಿನ ಹಲ್ಲಿನ ಮೂಲೆ ಒಡೆದಿತ್ತು. ಈಗ ಅವನೇ ಒಬ್ಬ ಮಗಳ ತಂದೆ. ನಕ್ಕಾಗಲೆಲ್ಲ ಆ ಮೂಲೆ ನನಗೆ ಕಾಣುತ್ತದೆ. ಅಂಗಡಿಯ ಹುಡುಗನ ಮಾತಿಗೆ ಎದೆ ಝಲ್ಲೆಂದದ್ದು ಅದಕ್ಕೆ.

ಕಾನೂನೂ ಈಗ ನನ್ನ ಕಡೆಗಿದೆ. 1988ರ ಕಾಯಿದೆಯ ಪ್ರಕಾರ ಓಡಿಸುವವರ ಹಿಂದೆ ಒಬ್ಬರೇ ಕೂರಬೇಕು. ಫೆಬ್ರವರಿ 2022ರಲ್ಲಿ ಹೊರಡಿಸಿದ ನಿಯಮ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಓಡಿಸುವವರ ಮೈಗೆ ಬಿಗಿಯುವ ಬೆಲ್ಟು ಬೇಕು, ಗಾಡಿ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎನ್ನುತ್ತದೆ. ನನ್ನ ಮೊಮ್ಮಗಳಿಗೆ ಮೂರೂವರೆ.

ಹೊರದೇಶದಲ್ಲಿ ಈ ಪ್ರಶ್ನೆಗೆ ಬೇರೆ ಉತ್ತರ ಹುಡುಕಿದ್ದಾರೆ. ಕೋಪನ್‌ಹೇಗನ್ನಿನ ಕ್ರಿಸ್ಟಿಯಾನಿಯಾ ಎಂಬಲ್ಲಿ 1984ರಿಂದ ತಯಾರಾದ ಮೂರು ಚಕ್ರದ ಸೈಕಲ್ಲಿಗೆ ಮುಂದೆ ದೊಡ್ಡ ಮರದ ಪೆಟ್ಟಿಗೆ. ಮಕ್ಕಳು, ತರಕಾರಿ ಎಲ್ಲ ಅದರೊಳಗೆ. ಇತ್ತೀಚೆಗೆ ಇಂಥವಕ್ಕೆ ಬ್ಯಾಟರಿಯನ್ನೂ ಕೂಡಿಸಿದ್ದಾರೆ. ನೋಡಿದರೆ ನಮ್ಮ ಗಾಡಿಯ ಮೊಮ್ಮಗುವಿನಂತಿದೆ! ಆದರೆ ಅದು ಸಮತಟ್ಟಾದ ಊರಿನ, ಸೈಕಲ್ಲಿಗೇ ಬೇರೆ ದಾರಿ ಬಿಟ್ಟ ಊರಿನ ಸಾಮಾನು. ಕೋಟೆ ರಸ್ತೆಯ ಏರು, ದೊಡ್ಡಪೇಟೆಯ ಇಕ್ಕಟ್ಟು, ಹೆದ್ದಾರಿಯ ಲಾರಿಗಳ ನಡುವೆ ನಾನಂತೂ ಮಗುವನ್ನು ಪೆಟ್ಟಿಗೆಯಲ್ಲಿ ಮುಂದಿಟ್ಟು ಹೋಗಲಾರೆ.

ನಮಗೆ ಹತ್ತಿರವಾದದ್ದು ಮತ್ತೆ ಆ ಲೂನಾನೇ. 2024ರ ಫೆಬ್ರವರಿಯಲ್ಲಿ ಅದು ‘ಇ-ಲೂನಾ’ ಆಗಿ ಮರುಹುಟ್ಟು ಪಡೆಯಿತು. ಕಾಲಿಡುವ ಜಾಗ ಚಪ್ಪಟೆ, ಹಿಂದಿನ ಸೀಟು ಕಳಚಿಟ್ಟರೆ ಮೂಟೆಗೆ ಜಾಗ. ಆಗ ಕಂಪನಿ ಹೇಳಿದ ಲೆಕ್ಕ: ಎರಡು ಯೂನಿಟ್ಟಿನ ಬ್ಯಾಟರಿ, ಒಂದು ಚಾರ್ಜಿಗೆ 110 ಕಿಲೋಮೀಟರ್, 150 ಕೇಜಿ ಭಾರ. ಸೊಸೆ ಅಲ್ಲೇ ಕೂಡಿಸಿದಳು: ತಾನು ಅರವತ್ತು, ಮಗು ಹದಿನಾಲ್ಕು, ಅಕ್ಕಿ ಇಪ್ಪತ್ತೈದು; ತೊಂಬತ್ತೊಂಬತ್ತು. “ಇನ್ನೂ ಐವತ್ತೊಂದು ಐತೆ, ನೀವೂ ಕೂರಬಹುದು ಅತ್ತೆ.” ನಾನು ಐವತ್ತೊಂದಕ್ಕೆ ಎಷ್ಟು ಮೇಲಿದ್ದೇನೆಂದು ಅಂಗಡಿಯವನೆದುರು ಹೇಳಲಿಲ್ಲ. ದಿನಕ್ಕೊಂದು ಯೂನಿಟ್ಟೆಂದರೂ ತಿಂಗಳಿಗೆ ಮೂವತ್ತು; ಗೃಹಜ್ಯೋತಿಯ ನಮ್ಮ ಮಿತಿ ದಾಟುತ್ತದೆಯೇ ಎಂಬುದು ಬೇರೆ ಚಿಂತೆ. ಜೋಗಿಮಟ್ಟಿ ಕಡೆಯ ಗುಡ್ಡದ ಮೇಲೆ ಅಷ್ಟು ಗಾಳಿಯಂತ್ರಗಳು ತಿರುಗುತ್ತಿವೆ, ಬಿಲ್ಲು ಮಾತ್ರ ನಮಗೇ ಬರುತ್ತದೆ.

ಹೊಸದುರ್ಗಕ್ಕೋ ಹಿರಿಯೂರಿಗೋ ಹೋಗುವುದಾದರೆ ನಮಗೆ ಬಸ್ಸಿದೆ. 2023ರ ಜೂನ್ 11ರಿಂದ ಟಿಕೆಟ್ಟಿನ ಕಾಸೂ ಇಲ್ಲ. ಗಾಡಿ ಬೇಕಾದದ್ದು ಆ ಬಸ್ಸು ಬಾರದ ಗಲ್ಲಿಗೆ, ಶಾಲೆಯ ಗೇಟಿಗೆ, ರೇಷನ್ ಅಂಗಡಿಗೆ.

ಸೊಸೆ ಅವತ್ತು ದುಡ್ಡು ಕಟ್ಟಲಿಲ್ಲ. “ನಾಳೆ ಬರ್ತೀನಣ್ಣ, ಅಕ್ಕಿ ಚೀಲ ತಗೊಂಡೇ ಬರ್ತೀನಿ, ಏರಿನಲ್ಲಿ ಓಡಿಸಿ ನೋಡ್ಬೇಕು” ಎಂದಳು. ಹೇಳಿದಂತೆ ಮರುದಿನ ಚೀಲವನ್ನು ಕಾಲಿಡುವ ಜಾಗದಲ್ಲಿಟ್ಟು ಕೋಟೆ ರಸ್ತೆ ಹತ್ತಿಸಿದಳು. ಮೊಮ್ಮಗಳ ಕೈ ಹಿಡಿದುಕೊಂಡು ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೆ. ಹತ್ತು ನಿಮಿಷಕ್ಕೆ ವಾಪಸು ಬಂದು, ಸೆರಗಿನಿಂದ ಮುಖ ಒರೆಸಿಕೊಂಡು, ಹುಡುಗನನ್ನು ಕೇಳಿದಳು: “ಹತ್ತುತ್ತೆ. ಮಗೂನ ಬೆಲ್ಟು ತೋರ್ಸಣ್ಣ.”