ಲೆಕ್ಕದಲ್ಲಿ ಸೊನ್ನೆಯಾದ ಗಾಡಿ: ಗುಜರಿಯಿಂದ ಎದ್ದು ಬಂದ ಅಮೆರಿಕದ ಪಿಕಪ್‌ಗಳ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಹಳೇ ಪಿಕಪ್ ಟ್ರಕ್‌ಗಳ ಬಗ್ಗೆ. ಅಂದ್ರೆ ಅಮೆರಿಕದಲ್ಲಿ ಐವತ್ತು, ಎಪ್ಪತ್ತು ವರ್ಷ ಹಳೆಯ ಗಾಡಿಗಳನ್ನ ಕಡಿಮೆ ದುಡ್ಡಲ್ಲಿ ಮತ್ತೆ ಓಡೋ ಹಾಗೆ ಮಾಡಿ, ತಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳೋ ಹವ್ಯಾಸ ಎಲ್ಲಿಂದ ಬಂತು ಅನ್ನೋದರ ಬಗ್ಗೆ.

ಅಮೆರಿಕಕ್ಕೆ ಹೋಗೋ ಮುಂಚೆ ತೀರ್ಥಹಳ್ಳಿ ಕಡೆ ಹೋಗಿ ಬರೋಣ. ನಮ್ಮ ದೊಡ್ಡಪ್ಪನ ಹತ್ರ ಒಂದು ಹಳೇ ಜೀಪ್ ಮಾದರಿಯ ಪಿಕಪ್ ಇತ್ತು. ಅಡಿಕೆ ಮೂಟೆ, ಗೊಬ್ಬರ, ಒಮ್ಮೊಮ್ಮೆ ಮದುವೆ ಮನೆಯ ಪಾತ್ರೆ, ಎಲ್ಲಾ ಅದರಲ್ಲೇ. ನಾನು ಬಿ.ಕಾಂ ಎರಡನೇ ವರ್ಷದಲ್ಲಿದ್ದಾಗ ಅದು ಕೆಟ್ಟು ಕೊಟ್ಟಿಗೆ ಪಕ್ಕ ನಿಂತಿತ್ತು. ದೊಡ್ಡಪ್ಪ ಕೇಳಿದ್ರು: "ನೀನು ಲೆಕ್ಕ ಓದ್ತಿದ್ದೀಯಲ್ಲ ಮಾರಾಯ, ಇದನ್ನ ಏನ್ ಮಾಡೋದು ಹೇಳು." ನಾನು ಕಾಗದ ಪೆನ್ನು ಹಿಡಿದು ಸವಕಳಿ ಲೆಕ್ಕ ಹಾಕಿದೆ. ರಿಪೇರಿ ಖರ್ಚು ಇಷ್ಟು, ಗಾಡಿಯ ಬೆಲೆ ಸೊನ್ನೆ, ಗುಜರಿಗೆ ಹಾಕಿದ್ರೆ ಕೈಗೆ ಇಷ್ಟು. "ಕೊಟ್ಟುಬಿಡಿ ದೊಡ್ಡಪ್ಪ" ಅಂದೆ. ಕೊಟ್ಟರು. ಲೆಕ್ಕ ಸರಿಯಾಗೇ ಇತ್ತು. ಆದ್ರೆ ಅದೇ ಲೆಕ್ಕವನ್ನ ಅಮೆರಿಕದ ಹುಡುಗರು ಎಪ್ಪತ್ತೆಂಬತ್ತು ವರ್ಷದ ಹಿಂದೆ ತಲೆಕೆಳಗು ಮಾಡಿದ್ದರು ಅಂತ ನನಗೆ ಆಮೇಲೆ ಗೊತ್ತಾಯ್ತು.

ಶುರುವಿನಿಂದ ಬರೋಣ. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು ಬಂದದ್ದು 1908ರಲ್ಲಿ. ರೈತರು ಅದನ್ನ ಕೊಂಡರು, ಕೊಂಡು ಸುಮ್ಮನಿರಲಿಲ್ಲ. ಹಿಂದಿನ ಭಾಗ ಕತ್ತರಿಸಿ ಮರದ ಪೆಟ್ಟಿಗೆ ಕೂರಿಸಿದರು, ಹಾಲಿನ ಕ್ಯಾನು, ಆಲೂಗಡ್ಡೆ ತುಂಬಿದರು. ಕೆಲವರು ಹಿಂದಿನ ಚಕ್ರ ಎತ್ತಿ ನಿಲ್ಲಿಸಿ, ಅದಕ್ಕೆ ಬೆಲ್ಟ್ ಹಾಕಿ ಗರಗಸ ಓಡಿಸಿದರು. ಅಂದ್ರೆ ಪಿಕಪ್ ಅನ್ನೋದು ಕಾರ್ಖಾನೆಗಿಂತ ಮುಂಚೆ ಹುಟ್ಟಿದ್ದು ರೈತರ ಅಂಗಳದಲ್ಲಿ. ಇದನ್ನ ನೋಡಿಯೇ ಫೋರ್ಡ್ 1925ರ ಏಪ್ರಿಲ್‌ನಲ್ಲಿ ಉಕ್ಕಿನ ಪೆಟ್ಟಿಗೆ ಸಮೇತ ಕಾರ್ಖಾನೆಯಿಂದಲೇ ಪಿಕಪ್ ಬಿಟ್ಟಿತು. ಬೆಲೆ 281 ಡಾಲರ್, ಎಂಜಿನ್ 20 ಅಶ್ವಶಕ್ತಿ.

ಇಲ್ಲಿ ಒಂದು ವಿಷಯ ಗಮನಿಸಿ. 1927ರಲ್ಲಿ ಮಾಡೆಲ್ ಟಿ ನಿಲ್ಲೋ ಹೊತ್ತಿಗೆ ಒಂದೂವರೆ ಕೋಟಿ ಗಾಡಿ ತಯಾರಾಗಿದ್ದವು. ಬಿಡಿಭಾಗಗಳೆಲ್ಲ ಒಂದೇ ಅಳತೆಯವು. ಟೆಕ್ಸಾಸ್‌ನಲ್ಲಿ ಬಿದ್ದಿರೋ ಗಾಡಿಯ ಆಕ್ಸಲ್ ಒಹಾಯೋದ ಗಾಡಿಗೆ ಕೂರುತ್ತೆ. ಹಾಗಾದ್ರೆ ಕೆಟ್ಟು ನಿಂತ ಪ್ರತಿ ಗಾಡಿಯೂ ಇನ್ನೊಂದು ಗಾಡಿಗೆ ಬಿಡಿಭಾಗದ ಅಂಗಡಿ, ಅಲ್ವಾ? ಬ್ಯಾಲೆನ್ಸ್ ಶೀಟಿನಲ್ಲಿ ಈ ಸಂಗತಿಗೆ ಜಾಗವೇ ಇಲ್ಲ. ಅದು ಒಂದೊಂದೇ ಗಾಡಿಯ ಬೆಲೆ ಕಟ್ಟುತ್ತೆ, ಊರಿನ ಗುಜರಿಯಲ್ಲಿ ಬಿದ್ದಿರೋ ಐವತ್ತು ಗಾಡಿಗಳನ್ನ ಒಟ್ಟಿಗೆ ನೋಡೋದಿಲ್ಲ.

ಈ ಸಂಗತಿಯನ್ನ ಚೆನ್ನಾಗಿ ಅರ್ಥ ಮಾಡಿಕೊಂಡವರು ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು. ಫೋರ್ಡ್ 1932ರಲ್ಲಿ ಎಂಟು ಸಿಲಿಂಡರಿನ ವಿ-8 ಎಂಜಿನ್ ತಂತು, 65 ಅಶ್ವಶಕ್ತಿಯದು. ಅಲ್ಲಿವರೆಗೆ ಅಂಥ ಎಂಜಿನ್ ಹೆಚ್ಚಾಗಿ ಶ್ರೀಮಂತರ ಕಾರಿಗೆ. ಅಪಘಾತವಾಗಿ ಗುಜರಿಗೆ ಬಂದ ಫೋರ್ಡ್‌ಗಳಿಂದ ಈ ಎಂಜಿನ್ ಕಳಚಿ, ಹಳೇ ಹಗುರ ಗಾಡಿಗೆ ಕೂರಿಸಿ, ಮ್ಯೂರಾಕ್ ಅನ್ನೋ ಒಣಗಿದ ಕೆರೆಯ ಬಯಲಲ್ಲಿ ಓಡಿಸೋದು ಅವರ ಆಟ. 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಅಂತ ಸಂಘವನ್ನೂ ಕಟ್ಟಿಕೊಂಡರು.

ಆಮೇಲೆ ಯುದ್ಧ. 1942ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಸಾರ್ವಜನಿಕರಿಗಾಗಿ ಕಾರು ತಯಾರಿಸೋದು ನಿಂತೇ ಹೋಯ್ತು. ಇದ್ದ ಗಾಡಿಗಳನ್ನೇ ತೇಪೆ ಹಾಕಿ ಓಡಿಸೋದು ಇಡೀ ದೇಶಕ್ಕೆ ಅಭ್ಯಾಸ ಆಯ್ತು. ಯುದ್ಧ ಮುಗಿಸಿ ವಾಪಸ್ ಬಂದ ಹುಡುಗರಲ್ಲಿ ಸಾವಿರಾರು ಜನ ಸೈನ್ಯದಲ್ಲಿ ಜೀಪು, ಲಾರಿ, ವಿಮಾನ ರಿಪೇರಿ ಕಲಿತವರು. ಕೈಯಲ್ಲಿ ಕೆಲಸ ಇದೆ, ಜೇಬಲ್ಲಿ ದುಡ್ಡು ಕಮ್ಮಿ. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ 'ಹಾಟ್ ರಾಡ್' ಪತ್ರಿಕೆ ಶುರು ಮಾಡಿದ. ಯಾವ ಎಂಜಿನ್ ಯಾವ ಗಾಡಿಗೆ ಕೂರುತ್ತೆ, ಏನು ಕತ್ತರಿಸಬೇಕು, ಎಲ್ಲಿ ಬೆಸುಗೆ ಹಾಕಬೇಕು ಅನ್ನೋ ಗ್ಯಾರೇಜಿನ ಗುಟ್ಟುಗಳು ಅಲ್ಲಿಂದ ಮುಂದೆ ಅಚ್ಚಾಗತೊಡಗಿದವು.

ಇವತ್ತು ಹಳೇ ಪಿಕಪ್ ಅಂದಾಗ ನಮ್ಮ ಕಣ್ಣಿಗೆ ಬರೋ ದುಂಡು ಮೂತಿಯ ಗಾಡಿ ಇದೇ ಕಾಲದ್ದು. ಷೆವ್ರೊಲೆಯ 'ಅಡ್ವಾನ್ಸ್ ಡಿಸೈನ್' ಸರಣಿ 1947ರ ಜೂನ್‌ನಲ್ಲಿ ಬಂತು, 1955ರ ಶುರುವಿನವರೆಗೆ ನಡೀತು. ಫೋರ್ಡ್‌ನ ಎಫ್-1 ಬಂದದ್ದು 1948ರಲ್ಲಿ. ಈ ಗಾಡಿಗಳನ್ನ ಕೊಂಡವರು ರೈತರು, ಬಡಗಿಗಳು, ದಿನಸಿ ಅಂಗಡಿಯವರು. ಹತ್ತು ಹದಿನೈದು ವರ್ಷ ದುಡಿಸಿ ಹೊಲದ ಮೂಲೆಗೆ ತಳ್ಳಿದರು. ಅವರ ಮಕ್ಕಳು, ಮೊಮ್ಮಕ್ಕಳು ಅದನ್ನ ಎಳೆದು ತಂದರು. ಬಜೆಟ್ ರಿಪೇರಿ ಶುರುವಾದದ್ದೇ ಹೀಗೆ.

ಈಗ ಕೈಗೆ ಎಣ್ಣೆ ಹತ್ತೋ ಭಾಗಕ್ಕೆ ಬರೋಣ. 1950ರ ಷೆವ್ರೊಲೆ ಪಿಕಪ್ ನಿಮ್ಮ ಅಂಗಳದಲ್ಲಿದೆ ಅಂದ್ಕೊಳ್ಳಿ. ಅದನ್ನ ಯಾಕೆ ಬದಲಾಯಿಸಬೇಕು? ಹೇಗಿತ್ತೋ ಹಾಗೇ ಇಟ್ಟುಕೊಳ್ಳಬಹುದಲ್ಲ? ಇದಕ್ಕೆ ಉತ್ತರ ರಸ್ತೆಯಲ್ಲಿದೆ. ಆ ಗಾಡಿಯ ಶಾಫ್ಟ್ ನಾಲ್ಕು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಿದರೆ ಚಕ್ರ ಒಂದು ಸುತ್ತು ಹಾಕುತ್ತೆ. ಭಾರ ಎಳೆಯೋಕೆ, ಕೆಸರು ದಾರಿಗೆ ಹೇಳಿ ಮಾಡಿಸಿದ್ದು. 1956ರಲ್ಲಿ ಅಮೆರಿಕ ಸರ್ಕಾರ ಅಂತರರಾಜ್ಯ ಹೆದ್ದಾರಿಗಳ ಕಾಯ್ದೆ ತಂತು. ಹೊಲದ ದಾರಿಗೆ ಹುಟ್ಟಿದ ಗಾಡಿ ಈಗ ಗಂಟೆಗೆ ನೂರು ಕಿ.ಮೀ. ವೇಗದ ರಸ್ತೆಗೆ ಇಳೀಬೇಕು. ಎಂಬತ್ತು ದಾಟಿದರೆ ಎಂಜಿನ್ ಏದುಸಿರು ಬಿಡುತ್ತೆ. ಬ್ರೇಕಿನದು ಇನ್ನೂ ಕಷ್ಟ: ನಾಲ್ಕೂ ಚಕ್ರಕ್ಕೆ ಸೇರಿ ಬ್ರೇಕ್ ಎಣ್ಣೆಯ ದಾರಿ ಒಂದೇ. ಒಂದು ಕಡೆ ಸೋರಿದ್ರೆ ಇಡೀ ಬ್ರೇಕ್ ಹೋಯ್ತು. ಮುಂದಿನ ಚಕ್ರಕ್ಕೆ ಒಂದು, ಹಿಂದಿನದಕ್ಕೆ ಒಂದು ಅಂತ ಎರಡು ದಾರಿ ಮಾಡೋ ಪದ್ಧತಿ ಅಮೆರಿಕದ ಕಾರುಗಳಲ್ಲಿ ಎಲ್ಲೆಡೆ ಬಂದದ್ದು 1967ರ ಹೊತ್ತಿಗೆ.

ಹಾಗಾಗಿ ಅನುಭವಿಗಳು ಹೇಳೋ ಖರ್ಚಿನ ಕ್ರಮ ಹೀಗಿದೆ. ಮೊದಲು ಬ್ರೇಕು. ಆಮೇಲೆ ಸ್ಟೀರಿಂಗು, ವೈರಿಂಗು. 1950ರ ಗಾಡಿಯದು 6 ವೋಲ್ಟ್ ಬ್ಯಾಟರಿ, ಬಟ್ಟೆ ಸುತ್ತಿದ ವೈರು. ಆ ಬಟ್ಟೆ ಪುಡಿಯಾಗಿರುತ್ತೆ, ಬೆಂಕಿಗೆ ಆಹ್ವಾನ. ವೈರು ಬದಲಾಯಿಸೋವಾಗಲೇ 12 ವೋಲ್ಟಿಗೆ ಹೋದರೆ ಬಲ್ಬು, ಬ್ಯಾಟರಿ ಎಲ್ಲಾ ಅಗ್ಗಕ್ಕೆ ಸಿಗುತ್ತೆ. ಎಂಜಿನ್ ಮೂರನೇದು. ಹೊಳೆಯೋ ಬಣ್ಣ ಕಟ್ಟಕಡೆಯದು. ಹೊಸಬರು ಇದನ್ನ ಉಲ್ಟಾ ಮಾಡ್ತಾರೆ. ಬಣ್ಣಕ್ಕೆ ದುಡ್ಡೆಲ್ಲ ಸುರಿದು, ಬ್ರೇಕಿಲ್ಲದ ಸುಂದರ ಗಾಡಿಯನ್ನ ಶೆಡ್ಡಲ್ಲಿ ನಿಲ್ಲಿಸಿ ಕೂರ್ತಾರೆ.

ಕೊಳ್ಳೋವಾಗಲೂ ಒಂದು ಲೆಕ್ಕ ಇದೆ. ಎಂಜಿನ್ ಕೆಟ್ಟಿದ್ರೂ ಪರವಾಗಿಲ್ಲ, ತಗಡು ಚೆನ್ನಾಗಿರಬೇಕು. ಎಂಜಿನ್ ಗುಜರಿಯಲ್ಲಿ ಸಿಗುತ್ತೆ, ತಗಡಿನ ಕೆಲಸಕ್ಕೆ ಗಂಟೆಗಟ್ಟಲೆ ಕೂಲಿ ಬೀಳುತ್ತೆ. ಕ್ಯಾಬಿನ್ನಿನ ಹಿಂದಿನ ಕೆಳಮೂಲೆಗಳು, ಕಾಲಿಡೋ ಜಾಗ, ಬಾಗಿಲ ಕೆಳಗಿನ ಪಟ್ಟಿ: ತುಕ್ಕು ಮೊದಲು ಹಿಡಿಯೋದು ಇಲ್ಲೇ. ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಹಾಕೋ ಉತ್ತರದ ರಾಜ್ಯಗಳ ಗಾಡಿ ಬೇಡ, ಅರಿಜೋನಾದ ಒಣ ಹವೆಯದಾದರೆ ಒಳ್ಳೇದು ಅನ್ನೋದು ಅದಕ್ಕೇ.

ಎಂಜಿನ್ ವಿಷಯದಲ್ಲಿ ಇತಿಹಾಸವೇ ಸಹಾಯಕ್ಕೆ ಬರುತ್ತೆ. 1950ರ ಷೆವ್ರೊಲೆಯ ಆರು ಸಿಲಿಂಡರಿನ ಎಂಜಿನ್ ಒಳಗೆ ಎಣ್ಣೆ ಪೂರ್ತಿ ಒತ್ತಡದಲ್ಲಿ ಹರಿಯೋದಿಲ್ಲ, ಒಂದು ಭಾಗ ಚಿಮ್ಮಿ ಬೀಳುತ್ತೆ ಅಷ್ಟೆ. ಹೆಚ್ಚು ವೇಗಕ್ಕೆ ಅದು ತಡೆಯೋದಿಲ್ಲ. ಆದ್ರೆ ಅದೇ ಕಂಪನಿ ಕೆಲವೇ ವರ್ಷದಲ್ಲಿ ಇದನ್ನ ಸರಿಮಾಡಿದ ಇನ್ನೊಂದು ಆರು ಸಿಲಿಂಡರಿನ ಎಂಜಿನ್ ತಂತು, ಅದು ಹೆಚ್ಚು ಕಮ್ಮಿ ಅದೇ ಜಾಗಕ್ಕೆ ಕೂರುತ್ತೆ. 1955ರಲ್ಲಿ ಬಂತು ಷೆವ್ರೊಲೆಯ ಸ್ಮಾಲ್ ಬ್ಲಾಕ್ ವಿ-8. ಹಗುರ, ಪುಟ್ಟದು, ಅಗ್ಗ. ಮೂಲ ವಿನ್ಯಾಸವನ್ನ ದಶಕಗಟ್ಟಲೆ ಉಳಿಸಿಕೊಂಡು ಕಾರು, ಟ್ರಕ್ಕು ಎಲ್ಲಕ್ಕೂ ಹಾಕಿದರು. 2011ರಲ್ಲಿ ಜನರಲ್ ಮೋಟಾರ್ಸ್ ಈ ಸ್ಮಾಲ್ ಬ್ಲಾಕ್ ವಂಶದ ಹತ್ತು ಕೋಟಿಯ ಎಂಜಿನ್ ತಯಾರಾಯ್ತು ಅಂತ ಪ್ರಕಟಿಸಿತು. ಹತ್ತು ಕೋಟಿ! ಮಾಡೆಲ್ ಟಿ ಕಥೆ ಮತ್ತೆ ಬಂತು ನೋಡಿ. ಎಲ್ಲೆಡೆ ಸಿಗೋ ವಸ್ತುವೇ ಬಡವನ ಆಸ್ತಿ.

ಇನ್ನೂ ಧೈರ್ಯ ಇದ್ದವರು ಚಾಸಿಯನ್ನೇ ಬದಲಾಯಿಸ್ತಾರೆ. 1982ರಲ್ಲಿ ಷೆವ್ರೊಲೆ ಎಸ್-10 ಅಂತ ಸಣ್ಣ ಪಿಕಪ್ ತಂತು. ಅದು ಗುಜರಿ ಸೇರೋ ವಯಸ್ಸಾದಾಗ ಜನ ಕಂಡುಕೊಂಡದ್ದೇನು ಅಂದ್ರೆ, ಅದರ ಚಾಸಿ ಮೇಲೆ ದುಂಡು ಮೂತಿಯ ಹಳೇ ಕ್ಯಾಬಿನ್ ಕೂರಿಸಬಹುದು. ಮುಂದೆ ಡಿಸ್ಕ್ ಬ್ರೇಕು, ಒಳ್ಳೇ ಸಸ್ಪೆನ್ಷನ್ನು, ಗೇರುಬಾಕ್ಸು, ಎಲ್ಲಾ ಒಂದೇ ಸಲ ಬಂತು. "ಇದಿನ್ನು ಹಳೇ ಗಾಡೀನಾ?" ಅಂತ ಶುದ್ಧವಾದಿಗಳು ಮೂಗು ಮುರೀತಾರೆ. ಮಾಡೆಲ್ ಟಿಗೆ ಗರಗಸ ಕಟ್ಟಿದ ರೈತನನ್ನ ನೆನೆದರೆ, ಈ ಗಾಡಿಗಳ ಹಳೇ ಸಂಪ್ರದಾಯವೇ ಬದಲಾಯಿಸೋದು ಅಂತ ನನಗನ್ನಿಸುತ್ತೆ.

ಈ ಕಥೆಯಲ್ಲಿ ಪೊಲೀಸರೂ ಬರ್ತಾರೆ. ಲಾಸ್ ಏಂಜಲೀಸ್‌ನ ಪೂರ್ವ ಭಾಗದ ಮೆಕ್ಸಿಕನ್ ಮೂಲದ ಕುಟುಂಬಗಳು ಹಳೇ ಷೆವ್ರೊಲೆ ಕಾರು, ಪಿಕಪ್‌ಗಳನ್ನ ನೆಲಕ್ಕೆ ತಾಗೋ ಹಾಗೆ ತಗ್ಗಿಸಿ, ನಿಧಾನವಾಗಿ ಓಡಿಸೋ 'ಲೋರೈಡರ್' ಶೈಲಿ ಕಟ್ಟಿದರು. ದುಡ್ಡಿಲ್ಲದ ಕಾಲದಲ್ಲಿ ಹಿಂದೆ ಮರಳಿನ ಮೂಟೆ ಇಟ್ಟು ಗಾಡಿ ತಗ್ಗಿಸ್ತಿದ್ದರು. 1958ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಬಂತು: ಗಾಡಿಯ ಯಾವ ಭಾಗವೂ ಚಕ್ರದ ರಿಮ್ಮಿನ ತಳಕ್ಕಿಂತ ಕೆಳಗಿರಬಾರದು. ಮರುವರ್ಷವೇ ರಾನ್ ಅಗೀರೆ ಅನ್ನೋ ಯುವಕ ವಿಮಾನದ ಹೈಡ್ರಾಲಿಕ್ ಭಾಗಗಳನ್ನ ತನ್ನ ಕಾರಿಗೆ ಹಾಕಿದ. ಸ್ವಿಚ್ ಒತ್ತಿದರೆ ಗಾಡಿ ಮೇಲೆ, ಇನ್ನೊಮ್ಮೆ ಒತ್ತಿದರೆ ಕೆಳಗೆ. ಆಮೇಲೆ ಬಂದವರು ಲಾರಿಗಳ ಹಿಂಬಾಗಿಲು ಎತ್ತೋ ಪಂಪುಗಳನ್ನ ಗುಜರಿಯಿಂದ ತಂದು ಇದೇ ಕೆಲಸಕ್ಕೆ ಬಳಸಿದರು. ಆ ಕಾನೂನು ರದ್ದಾದದ್ದು 2024ರ ಜನವರಿಯಲ್ಲಿ. ಅರವತ್ತಾರು ವರ್ಷ! ಅಷ್ಟು ಕಾಲ ಆ ಜನ ತಮ್ಮ ಗಾಡಿಗಾಗಿ ದಂಡ ಕಟ್ಟಿದರು, ಗಾಡಿ ಬಿಡಲಿಲ್ಲ.

ಇಷ್ಟು ಹೊತ್ತು ಕೇಳಿದ ಮೇಲೆ ನಿಮ್ಮ ಪ್ರಶ್ನೆ ನನಗೆ ಗೊತ್ತು. "ನಮ್ಮಲ್ಲಿ ಇದು ಆಗುತ್ತಾ?" ಬೇರು ಇಲ್ಲೂ ಇದೆ. ಮಹೀಂದ್ರ ಕಂಪನಿ 1940ರ ದಶಕದ ಕೊನೆಗೆ ಅಮೆರಿಕದ ವಿಲ್ಲೀಸ್ ಜೀಪುಗಳನ್ನೇ ಬಾಂಬೆಯಲ್ಲಿ ಜೋಡಿಸೋಕೆ ಶುರು ಮಾಡಿದ್ದು. ನಮ್ಮ ಮಲೆನಾಡಿನ ಜೀಪುಗಳ ವಂಶವೃಕ್ಷ ಅಲ್ಲಿಗೇ ಹೋಗುತ್ತೆ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಗಲ್ಲಿಗಳು, ಕೈ ನೋಡಿಯೇ ಬೋಲ್ಟಿನ ಅಳತೆ ಹೇಳೋ ಮೇಸ್ತ್ರಿಗಳು, ಯಾವುದಕ್ಕೂ ಕೊರತೆ ಇಲ್ಲ.

ಕಾನೂನು ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂತು: 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲದ್ದೇ ಇರಬೇಕು, ಹೊಸ ನೋಂದಣಿಗೆ 20,000 ರೂಪಾಯಿ. ಅದೂ ದ್ವಿಚಕ್ರ ವಾಹನಕ್ಕೆ, ಜನ ಕೂರೋ ಕಾರಿನ ವರ್ಗಕ್ಕೆ. ಸರಕು ಗಾಡಿ ಅಂತ ನೋಂದಣಿಯಾದ ಪಿಕಪ್ ಆ ಪಟ್ಟಿಯಲ್ಲೇ ಇಲ್ಲ. ಮಹಾರಾಜರ ಕಾರು ಪರಂಪರೆ ಆಯ್ತು, ರೈತನ ಪಿಕಪ್ ಗುಜರಿ ಆಯ್ತು. ಸುರಕ್ಷತೆಗೆ ನಿಯಮ ಬೇಕು, ಅದರಲ್ಲಿ ಎರಡು ಮಾತಿಲ್ಲ. ಬ್ರೇಕ್ ಸುಧಾರಿಸಿದವನನ್ನೂ ಕಿವಿ ಕಿತ್ತುಹೋಗೋ ಸೈಲೆನ್ಸರ್ ಹಾಕಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾ ಅನ್ನೋದಷ್ಟೇ ನನ್ನ ಪ್ರಶ್ನೆ. ಅಲ್ಲಿವರೆಗೆ ನಮಗಿರೋ ದಾರಿ ಒಂದೇ: ಇದ್ದದ್ದನ್ನ ಇದ್ದ ಹಾಗೇ, ಮೂಲ ಭಾಗಗಳಿಂದ ಸರಿಮಾಡಿಕೊಳ್ಳೋದು, ಏನೇ ದೊಡ್ಡ ಕೆಲಸಕ್ಕೂ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಕೇಳೋದು.

ಕೊನೆಯದಾಗಿ, ದೊಡ್ಡಪ್ಪನ ವಿಷಯ. ಗುಜರಿಯವರು ಗಾಡಿ ಎಳೆದುಕೊಂಡು ಹೋಗೋ ದಿನ ಅವರು ಅದರ ಹಿಂಬಾಗಿಲನ್ನ ಬಿಚ್ಚಿಟ್ಟುಕೊಂಡಿದ್ದರು. ಅದಕ್ಕೆ ನಾಲ್ಕು ಕಾಲು ಹೊಡೆಸಿ ಅಂಗಳದಲ್ಲಿ ಬೆಂಚು ಮಾಡಿದ್ದಾರೆ. ಹೋದ ಸಲ ಊರಿಗೆ ಹೋದಾಗ ಅದರ ಮೇಲೆ ಕೂತು ಈ ಸಂಚಿಕೆಯ ವಿಷಯ ಹೇಳಿದೆ. ಪೂರ್ತಿ ಕೇಳಿ, "ಆಗ ನಿನ್ನ ಹತ್ರ ಲೆಕ್ಕ ಕೇಳಬಾರದಿತ್ತು ಕಣೋ" ಅಂದ್ರು. ನಕ್ಕರು. ನನಗೆ ಪೂರ್ತಿ ನಗು ಬರಲಿಲ್ಲ.

ನಿಮ್ಮ ಮನೆ ಹಿತ್ತಲಲ್ಲೂ ಇಂಥದ್ದೊಂದು ನಿಂತಿದ್ರೆ, ಗುಜರಿಗೆ ಫೋನ್ ಮಾಡೋ ಮುಂಚೆ ಒಂದು ಭಾನುವಾರ ಬಾನೆಟ್ ಎತ್ತಿ ನೋಡಿ.