ತಮಟೆ, ತಾಳ ಮತ್ತು ಆರ್ಗನ್



ಕೀರ್ತನೆಗಳ ಗ್ರಂಥದ ಕೊನೆಯದು 150ನೇ ಕೀರ್ತನೆ. ಆರೇ ವಚನಗಳ ಈ ಪುಟ್ಟ ಕೀರ್ತನೆಯಲ್ಲಿ ತುತ್ತೂರಿ, ತಂತಿವಾದ್ಯ, ಕೊಳಲು, ದಮ್ಮಡಿ, ತಾಳ ಎಲ್ಲವೂ ದೇವರ ಸ್ತುತಿಗೆ ಸಾಲುಗಟ್ಟುತ್ತವೆ. ಕೋಡಿಹಳ್ಳಿ ಕಡೆಯ ನಮಗೆ ಇದು ಹಬ್ಬದ ಮೆರವಣಿಗೆಯ ಪಟ್ಟಿಯಂತೆಯೇ ಕಾಣುತ್ತದೆ. ಆದರೂ ಈ ವಾದ್ಯಗಳಲ್ಲಿ ಕೆಲವಕ್ಕೆ ಒಂದು ಕಾಲದಲ್ಲಿ ದೇವಾಲಯದ ಬಾಗಿಲು ಮುಚ್ಚಿತ್ತು.

ಈ ಕೀರ್ತನೆಗೆ 1883ರಲ್ಲಿ ಗಾನವೃಂದ, ವಾದ್ಯವೃಂದ ಹಾಗೂ ಆರ್ಗನ್‌ಗಾಗಿ ಸಂಗೀತ ಕೂಡಿಸಿದವರು ಸೆಸಾರ್ ಫ್ರಾಂಕ್. ನಮ್ಮ ಗಾನವೃಂದಗಳಿಗೂ ಪರಿಚಿತವಾದ 'ಪಾನಿಸ್ ಆಂಜೆಲಿಕುಸ್' ರಾಗ ಇವರದೇ. ಪ್ಯಾರಿಸಿನ ಅಂಧ ಮಕ್ಕಳ ಶಾಲೆಯಲ್ಲಿ ಹೊಸ ಆರ್ಗನ್ ಉದ್ಘಾಟನೆಯಾದಾಗ ಹಾಡಲೆಂದು ಕೀರ್ತನೆಯ ಸಂಗೀತವನ್ನು ರಚಿಸಿದರು. ಚುಕ್ಕಿಲಿಪಿ ಕೊಟ್ಟ ಲೂಯಿ ಬ್ರೈಲ್ ಓದಿ, ಕಲಿಸಿದ ಶಾಲೆ ಅದು. ಅವರೂ ಆರ್ಗನ್ ವಾದಕರೇ.

ಪ್ಯಾರಿಸ್ ನಮಗೆ ಅಷ್ಟೇನೂ ದೂರದ ಊರಲ್ಲ. 19ನೇ ಶತಮಾನದಲ್ಲಿ ಮೈಸೂರು ಸೀಮೆಯ ಧರ್ಮಸಭೆ ಪ್ಯಾರಿಸ್ ಮಿಷನ್ ಗುರುಗಳ ಆರೈಕೆಯಲ್ಲಿತ್ತು. ಅವರ ಗುರುಮಠದ ಗುಡಿಯಲ್ಲಿ 1843ರಿಂದ ಕೆಲವು ವರ್ಷ ಆರ್ಗನ್ ನುಡಿಸಿದವರು ಹೆಸರಾಂತ ಸಂಗೀತಗಾರ ಗುನೋ. ದೂರದೇಶಕ್ಕೆ ಹೊರಟ ಗುರುಗಳ ಬೀಳ್ಕೊಡುಗೆಯ ಹಾಡಿಗೆ ರಾಗ ಹಾಕಿದವರೂ ಅವರೇ. ಹಾಡು ಬರೆದ ಚಾರ್ಲ್ಸ್ ದಾಲೆ 1852ರಲ್ಲಿ ಹಡಗು ಹತ್ತಿ ಬಂದದ್ದು ಎಲ್ಲಿಗೆ ಎಂದುಕೊಂಡಿರಿ? ನಮ್ಮ ಮೈಸೂರು ಮಿಷನ್ನಿಗೇ!

ಬಾಗಿಲು ಮುಚ್ಚಿದ ಸಂಗತಿಗೆ ಬರೋಣ. 1903ರ ನವೆಂಬರ್ 22, ಸಂತ ಸಿಸಿಲಿಯಾರ ಹಬ್ಬದ ದಿನ, ಹತ್ತನೇ ಪಿಯೂಸ್ ಜಗದ್ಗುರುಗಳು ದೇವಾಲಯ ಸಂಗೀತದ ಬಗ್ಗೆ ಕಟ್ಟಳೆ ಹೊರಡಿಸಿದರು. ಆರ್ಗನ್ ಇರಲಿ, ಪಿಯಾನೊ, ಡೋಲು, ತಾಳ ಬೇಡ ಎಂದರು. ಮೆರವಣಿಗೆಯ ವಾದ್ಯಮೇಳಕ್ಕೆ ಹೊರಗೆ ಅಪ್ಪಣೆಯಿತ್ತು. ನಾಟಕಶಾಲೆಯ ಸಂಗೀತ ಪೀಠದ ಬಳಿಗೆ ನುಗ್ಗುತ್ತಿದ್ದ ಇಟಲಿಯಲ್ಲಿ ಆ ಕಾಳಜಿಗೆ ಕಾರಣವಿತ್ತು, ನಿಜ. ಆದರೆ 150ನೇ ಕೀರ್ತನೆ ಕರೆದದ್ದನ್ನೇ ಬೇಡವೆಂದಂತಾಯಿತಲ್ಲ! ಅದೇ ಕಟ್ಟಳೆಯಲ್ಲಿ ಹೆಂಗಸರು ಗಾನವೃಂದಕ್ಕೆ ಸೇರುವಂತಿಲ್ಲ ಎಂಬ ಮಾತೂ ಇತ್ತು; ಎತ್ತರದ ದನಿ ಬೇಕಾದರೆ ಗಂಡುಹುಡುಗರು ಹಾಡಬೇಕಿತ್ತು. 1955ರಲ್ಲಿ ಹನ್ನೆರಡನೇ ಪಿಯೂಸ್ ಇದನ್ನು ಸಡಿಲಿಸಿದರು.

ಕೊಳವೆಗಳ ದೊಡ್ಡ ಆರ್ಗನ್ ಹಳ್ಳಿಗೆ ಎಲ್ಲಿಂದ ಬರಬೇಕು? ಬಂದದ್ದು ಹಾರ್ಮೋನಿಯಂ. 1842ರಲ್ಲಿ ಪ್ಯಾರಿಸಿನ ಡೆಬೈನ್ ಅದಕ್ಕೆ ಹಕ್ಕುಪತ್ರ ಪಡೆದರು. ಕಾಲಲ್ಲಿ ತುಳಿಯುವ ಆ ಪೆಟ್ಟಿಗೆಯನ್ನು ನೆಲದ ಮೇಲೆ ಕೂತು ಕೈಯಲ್ಲಿ ತಿದಿಯೊತ್ತುವಂತೆ ಮಾಡಿದ್ದು ಕಲ್ಕತ್ತೆ. ಆಕಾಶವಾಣಿ ಮಾತ್ರ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಹೊರಗಿಡುವ ಚಾಳಿ ಧರ್ಮಸಭೆಯೊಂದರದೇ ಅಲ್ಲ ನೋಡಿ.

1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನಾ ವಿಧಿಯ ಸಂವಿಧಾನವನ್ನು ಪ್ರಕಟಿಸಿತು. ಆರ್ಗನ್ನಿನ ಗೌರವ ಉಳಿಯಿತು. ಜೊತೆಗೆ, ಆರಾಧನೆಗೆ ಒಪ್ಪುವ ಬೇರೆ ವಾದ್ಯಗಳಿಗೂ ಆಯಾ ಜನರ ಸ್ವಂತ ಸಂಗೀತ ಸಂಪ್ರದಾಯಕ್ಕೂ ಎಡೆ ದೊರೆಯಿತು. ಬಲಿಪೂಜೆಯಲ್ಲಿ ತಾಯ್ನುಡಿಗೂ ದಾರಿಯಾಯಿತು. ಮೊದಲ ವಾಚನದ ನಂತರ ಕೀರ್ತನೆ ಈಗ ಕನ್ನಡದಲ್ಲೇ ಕೇಳುತ್ತದೆ, ತಬಲ, ತಾಳಗಳ ಜೊತೆ. ಬಹಳ ಕಡೆ ಪಲ್ಲವಿ ಎತ್ತಿಕೊಡುವವರು ನಮ್ಮ ಹೆಣ್ಣುಮಕ್ಕಳೇ.