ಷೆಟ್‌ಲೆಂಡಿನ ಉಂಗುರದ ಶಾಲು

ಸ್ಕಾಟ್ಲೆಂಡಿನ ಉತ್ತರಕ್ಕೆ ಕಡಲ ನಡುವಣ ಷೆಟ್‌ಲೆಂಡ್ ದ್ವೀಪಗಳಲ್ಲಿ, ಅದರಲ್ಲಿಯೂ ಅನ್‌ಸ್ಟ್ ಎಂಬಲ್ಲಿ, 19ನೆಯ ಶತಮಾನದ ಸ್ತ್ರೀಯರು ಹೆಣೆಯುತ್ತಿದ್ದ ಜಾಲರಿಯ ಶಾಲು ಮದುವೆಯ ಉಂಗುರದೊಳಗೆ ತೂರಿಹೋಗುವಷ್ಟು ನವುರಾಗಿದ್ದಿತು. ಕುರಿಯ ಕೊರಳಿನ ತುಪ್ಪಟವನ್ನು ಕತ್ತರಿ ಮುಟ್ಟಿಸದೆ ಕೈಯಿಂದಲೇ ಕಿತ್ತು, ಮನೆಯಲ್ಲಿಯೇ ನೂತು, ಕಡ್ಡಿಗಳಿಂದ ಹೆಣೆಯುವರು. ಕಡ್ಡಿಯಿಂದ ಇಳಿದಾಗ ಅದು ಮುದುಡಿದ ಉಣ್ಣೆಯ ಮುದ್ದೆಯೇ ಸರಿ. ತೊಳೆದು, ಒದ್ದೆಯಿರುವಾಗಲೇ ಮರದ ಚೌಕಟ್ಟಿಗೆ ದಾರದಿಂದ ಬಿಗಿದು ಒಣಗಿಸಿದ ಬಳಿಕವೇ ಅದರ ಕಣ್ಣುಗಳು ಅರಳಿ ಚಿತ್ತಾರವು ಮೈದೋರುವುದು.

ಇಷ್ಟು ಶ್ರಮಕ್ಕೆ ದೊರೆತುದೇನು? ಲಂಡನ್ನಿನ ಸಿರಿವಂತ ಮಹಿಳೆಯರು ಹೊದೆಯುತ್ತಿದ್ದ ಈ ಶಾಲಿಗೆ ಪ್ರತಿಯಾಗಿ ಸ್ಥಳದ ವರ್ತಕರು ಬಹುಮಟ್ಟಿಗೆ ಹಣವನ್ನು ಕೊಡದೆ, ತಮ್ಮ ಅಂಗಡಿಯ ಚಹವನ್ನೂ ಬಟ್ಟೆಯನ್ನೂ ಕೊಡುತ್ತಿದ್ದರು. ಮನೆಯಲ್ಲಿ ಹಿಟ್ಟಿಲ್ಲದವಳು ಆ ಚಹವನ್ನು ನೆರೆಯವರಿಗೆ ಕೊಟ್ಟು ಹಿಟ್ಟನ್ನು ಪಡೆಯಬೇಕು! 1872ರಲ್ಲಿ ಬ್ರಿಟಿಷ್ ಸರಕಾರವು ಈ ಪದ್ಧತಿಯ ವಿಚಾರಣೆಗೆಂದು ವಿಲಿಯಂ ಗತ್ರಿ ಎಂಬಾತನನ್ನು ದ್ವೀಪಗಳಿಗೆ ಕಳುಹಿಸಿದಾಗ, ಹೆಣಿಗೆಯ ಹೆಂಗಸರೇ ಅವನ ಮುಂದೆ ಬಂದು ಹೇಳಿಕೆ ಕೊಟ್ಟರು. ಉಂಗುರದ ಕಥೆಯನ್ನು ಹೇಳುವವರು ಇದನ್ನು ಹೇಳುವುದು ವಿರಳ. ನನಗಾದರೋ ಶಾಲಿಗಿಂತ ಈ ಹೇಳಿಕೆಗಳೇ ಹೆಚ್ಚು ಬೆಲೆಯುಳ್ಳವೆಂದು ತೋರುತ್ತದೆ. ಶಾಲಿನ ಮೇಲೆ ಹೆಣೆದವಳ ಹೆಸರಿಲ್ಲ. ವರದಿಯಲ್ಲಿ ಅವರ ಹೆಸರುಗಳೂ, ಪ್ರತಿಯೊಂದು ಪ್ರಶ್ನೆಗೂ ಅವರಿತ್ತ ಉತ್ತರಗಳೂ ಅಚ್ಚಾಗಿ ಉಳಿದಿವೆ.